ಪಟ್ಟಿ ಬರೆದವರು ಯಾರು? ಗಿಟಾರ್ ಡಬ್ಬಿಯೊಳಗಿನ ದನಿಗಳ ಕಥೆ

ಈ ಸಲದ ವಿಷಯ ಒಂದು ಡಬ್ಬಿ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಇರುತ್ತದಲ್ಲ, ಗುಂಡಿಗಳು, ಚಿಕ್ಕ ಪರದೆ, ಹೆಡ್‌ಫೋನ್ ಸಿಕ್ಕಿಸುವ ತೂತು ಇರುವ ಲೋಹದ ಡಬ್ಬಿ, ಅದು. ನಿಮ್ಮ ಮಗನೋ ಮಗಳೋ ಗಿಟಾರ್ ಕಲಿಯುತ್ತಿದ್ದರೆ ನೀವು ಅದನ್ನು ನೋಡಿರುತ್ತೀರಿ. ನೀವೇ ನುಡಿಸುವವರಾದರೆ ಅದಕ್ಕೆ ದುಡ್ಡೂ ಕೊಟ್ಟಿರುತ್ತೀರಿ.

ಆ ಡಬ್ಬಿಯ ಕೆಲಸ ಅನುಕರಣೆ. ಹಳೆಯ ಕಾಲದ ದೊಡ್ಡ ದೊಡ್ಡ ಗಿಟಾರ್ ಆಂಪ್ಲಿಫೈಯರ್‌ಗಳ ದನಿಯನ್ನು ಅದು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಆಂಪ್ಲಿಫೈಯರ್ ಅನ್ನುವುದು ಉದ್ದದ ಮಾತು, ಗಿಟಾರಿನವರ ಹಾಗೆ ಆಂಪ್ ಅಂತಲೇ ಕರೆಯೋಣ. ಒಂದೊಂದು ಅನುಕರಣೆಗೆ ಒಂದೊಂದು ಮಾಡೆಲ್ ಅಂತ ಹೆಸರು. ಇವತ್ತಿನ ದುಬಾರಿ ಡಬ್ಬಿಗಳಲ್ಲಿ ಕೆಲವಕ್ಕೆ 250ಕ್ಕೂ ಹೆಚ್ಚು ಮಾಡೆಲ್‌ಗಳಿವೆ. ಗುಂಡಿ ತಿರುಗಿಸಿದಷ್ಟೂ ಹೆಸರುಗಳು ಬರುತ್ತಲೇ ಇರುತ್ತವೆ.

"ಇದರಲ್ಲಿ ಯಾವುದನ್ನು ಆರಿಸಲಿ?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಅಂತ ನನಗನಿಸುತ್ತದೆ: ಈ ಪಟ್ಟಿ ಬರೆದವರು ಯಾರು? ಈ 250 ಯಾಕೆ, ಬೇರೆ ಯಾಕಲ್ಲ? ಗಿರಾಕಿಯ ಆಯ್ಕೆ ಅಂತೀವಲ್ಲ, ಅದು ನಿಜಕ್ಕೂ ಎಲ್ಲಿ ಶುರುವಾಗುತ್ತದೆ?

ರಾಸ್ ಅಲ್ ಖೋರ್‌ನಲ್ಲಿ ಈ ಡಬ್ಬಿ ಯಾಕೆ

ದುಬೈಯಲ್ಲಿ ಇಲ್ಲದವರಿಗೆ ಒಂದು ಮಾತು. ರಾಸ್ ಅಂದರೆ ಅರಬ್ಬಿಯಲ್ಲಿ ತಲೆ. ಖೋರ್ ಅಂದರೆ ಸಮುದ್ರ ಭೂಮಿಯೊಳಕ್ಕೆ ಚಾಚಿಕೊಂಡ ಹಿನ್ನೀರು. ದುಬೈ ಕ್ರೀಕ್ ಒಳಕ್ಕೆ ಬಂದು ಮುಗಿಯುವ ಜಾಗ ಇದು. ಒಂದು ಕಡೆ ಫ್ಲೆಮಿಂಗೊಗಳು ನಿಂತಿರುವ ಪಕ್ಷಿಧಾಮ, 2007ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಇನ್ನೊಂದು ಕಡೆ ಇಂಡಸ್ಟ್ರಿಯಲ್ ಏರಿಯಾ: ಗೋದಾಮು, ಗ್ಯಾರೇಜು, ಹಳೆಯ ಕಾರುಗಳ ಮಾರುಕಟ್ಟೆ. ನಮ್ಮ ಕಡೆಯವರು ಎಷ್ಟೋ ಮಂದಿ ಈ ಭಾಗದಲ್ಲಿ ದುಡಿಯುತ್ತಾರೆ, ಸುತ್ತಮುತ್ತ ಫ್ಲಾಟುಗಳಲ್ಲಿ ಇರುತ್ತಾರೆ.

ಇಂಥ ಜಾಗದಲ್ಲಿ ಹಳೆಯ ಕಾಲದ ಗಿಟಾರ್ ಆಂಪ್ ಇಟ್ಟುಕೊಳ್ಳುವುದು ಹೇಗೆ ಹೇಳಿ? ವಾಕ್ಸ್ ಎಸಿ30 ಎಂಬ ಹೆಸರಾಂತ ಆಂಪ್ ಹೆಚ್ಚೂಕಡಿಮೆ 30 ಕಿಲೊ ತೂಗುತ್ತದೆ. ಊರಿಗೆ ಹೋಗುವಾಗ ವಿಮಾನದವರು ಕೊಡುವ ಲಗೇಜಿನ ತೂಕ ಅದೊಂದಕ್ಕೇ ಮುಗಿಯಿತು. ಅಮೆರಿಕದಿಂದ ತಂದದ್ದಾದರೆ ಅದು 120 ವೋಲ್ಟಿನದು, ಇಲ್ಲಿಯ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಇದೆಲ್ಲ ಸರಿಹೋಯಿತು ಅಂತಲೇ ಇಟ್ಟುಕೊಳ್ಳಿ. ಅಂಥ ಆಂಪ್ ಚೆನ್ನಾಗಿ ಕೇಳಿಸುವುದು ದನಿ ಏರಿಸಿದಾಗ ಮಾತ್ರ. ಗೋಡೆಯಾಚೆ ನೈಟ್ ಶಿಫ್ಟ್ ಮುಗಿಸಿ ಮಲಗಿದವರು ಇರುತ್ತಾರಲ್ಲ?

ಹಾಗಾಗಿ ಡಬ್ಬಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ. ಎಲ್ಲಿಯ ವೋಲ್ಟೇಜಿಗೂ ಒಗ್ಗುವ ಅಡಾಪ್ಟರ್ ಹಲವಕ್ಕೆ ಇರುತ್ತದೆ. ವೀಸಾ ಮುಗಿದು ಹೊರಡುವ ದಿನ ಬಂದರೆ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಡಬಹುದು. ಪರದೇಶದಲ್ಲಿ ಬದುಕುವವರಿಗೆ ಹೇಳಿ ಮಾಡಿಸಿದ ವಾದ್ಯ.

ಮೊದಲು ಆರಿಸಿದವರು ನುಡಿಸುವವರೇ

ಈಗ ಇತಿಹಾಸಕ್ಕೆ ಹೋಗೋಣ. ಡಬ್ಬಿಯ ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳು ಎಂಜಿನಿಯರುಗಳು ಯೋಚಿಸಿ ಯೋಜಿಸಿ ಮಾಡಿದವು ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ನಿಜ. ಉಳಿದರ್ಧ ಗಿರಾಕಿಗಳದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವರಿದ್ದರು. ಗಿಟಾರ್ ಲೋಕದ ಅತಿ ದೊಡ್ಡ ಹೆಸರು ಅವರದು, ಆದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! 1951ರಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರ್ ತಂದರು. ಅದಕ್ಕೆ ಜೋಡಿಯಾಗಿ 1952ರಲ್ಲಿ ಬೇಸ್‌ಮನ್ ಎಂಬ ಆಂಪ್ ತಂದರು. ಹೆಸರೇ ಹೇಳುವಂತೆ ಅದು ಬೇಸ್ ನುಡಿಸುವವರಿಗಾಗಿ ಮಾಡಿದ್ದು. ಆದರೆ ಮಾಮೂಲಿ ಗಿಟಾರಿನವರು ಅದನ್ನು ಎತ್ತಿಕೊಂಡರು. ದನಿ ಏರಿಸಿದರೆ ಅದು ಸ್ವಲ್ಪ ಒಡೆಯುತ್ತಿತ್ತು, ಅವರಿಗೆ ಆ ಒಡಕೇ ಹಿಡಿಸಿತು. ಮಾಡಿದವರ ಉದ್ದೇಶ ಒಂದು, ಕೊಂಡವರ ಆಯ್ಕೆ ಇನ್ನೊಂದು.

ಅಲ್ಲಿಂದ ಲಂಡನ್ನಿಗೆ ಬನ್ನಿ. ಹ್ಯಾನ್‌ವೆಲ್ ಎಂಬ ಬಡಾವಣೆಯಲ್ಲಿ ಜಿಮ್ ಮಾರ್ಷಲ್ 1960ರಲ್ಲಿ ಸಂಗೀತದ ಅಂಗಡಿ ತೆರೆದರು. ಅವರು ಡ್ರಮ್ ಮೇಷ್ಟ್ರು. ಅಂಗಡಿಗೆ ಬರುತ್ತಿದ್ದ ಗಿಟಾರ್ ಹುಡುಗರಿಗೆ ಫೆಂಡರ್ ದನಿ ಬೇಕಿತ್ತು, ಆಮದಾದ ಮಾಲು ತುಟ್ಟಿಯಾಗಿತ್ತು. ಮಾರ್ಷಲ್ ತಮ್ಮ ಜೊತೆಗಿದ್ದ ತಂತ್ರಜ್ಞರಿಂದ 1962ರ ಹೊತ್ತಿಗೆ ಬೇಸ್‌ಮನ್ನಿನ ಸರ್ಕ್ಯೂಟನ್ನೇ ಅನುಸರಿಸಿ ಒಂದು ಆಂಪ್ ಮಾಡಿಸಿದರು. ಬ್ರಿಟನ್ನಿನಲ್ಲಿ ಸಿಗುವ ಬಿಡಿಭಾಗಗಳನ್ನು ಹಾಕಿದ್ದರಿಂದ ದನಿ ಬೇರೆಯೇ ಆಯಿತು. ಅದೇ ಜೆಟಿಎಂ45. 1965ರಲ್ಲಿ ದ ಹೂ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರಾಗಿ ಬೇಕು ಅಂತ ಕೇಳಿದರು, 100 ವಾಟಿನ ಮಾರ್ಷಲ್ ಹುಟ್ಟಿತು.

ವಾಕ್ಸ್ ಕಥೆಯೂ ಹೀಗೇ. 1958ರಲ್ಲಿ 15 ವಾಟಿನ ಎಸಿ15 ಬಂತು. ಶ್ಯಾಡೋಸ್ ತಂಡದವರಿಗೆ ಅದರ ಸದ್ದು ಸಾಲಲಿಲ್ಲ, ಮರುವರ್ಷವೇ ಎಸಿ30 ಬಂತು. ಸ್ಯಾನ್ ಫ್ರಾನ್ಸಿಸ್ಕೊ ಕಡೆ ರ‍್ಯಾಂಡಲ್ ಸ್ಮಿತ್ ಎಂಬುವರು ಫೆಂಡರಿನ ಪುಟ್ಟ ಪ್ರಿನ್ಸ್‌ಟನ್ ಆಂಪನ್ನು ಬಿಚ್ಚಿ ಒಳಗೆ ದೊಡ್ಡ ಶಕ್ತಿ ತುಂಬಿದರು. ಕಾರ್ಲೋಸ್ ಸಾಂಟಾನಾ ಅದನ್ನು ನುಡಿಸಿ ಮೆಚ್ಚಿ ಆಡಿದ ಒಂದು ಮಾತಿನಿಂದಲೇ ಬೂಗಿ ಎಂಬ ಹೆಸರು ಬಂತು. ಇವತ್ತಿನ ಮೆಸಾ ಬೂಗಿ ಅದೇ.

ಈ ವಂಶಾವಳಿ ತಿಳಿದಿದ್ದರೆ ನಿಮಗೆ ಒಂದು ಉಪಯೋಗವಿದೆ. ಡಬ್ಬಿಯ 250 ಹೆಸರುಗಳಲ್ಲಿ ಬಹುಪಾಲು ಇದೇ ನಾಲ್ಕೈದು ಮನೆತನಗಳ ಮಕ್ಕಳು, ಮೊಮ್ಮಕ್ಕಳು. ಮಾರ್ಷಲ್ಲೇ ಫೆಂಡರಿನ ಮಗ. ಹಾಗಾಗಿ ಪಟ್ಟಿ ನೋಡಿ ಗಾಬರಿಯಾಗಬೇಡಿ. ಒಂದು ಫೆಂಡರ್, ಒಂದು ವಾಕ್ಸ್, ಒಂದು ಮಾರ್ಷಲ್, ಒಂದು ಮೆಸಾ, ಈ ನಾಲ್ಕನ್ನು ಒಂದೊಂದು ವಾರ ನುಡಿಸಿ ಕಿವಿಗೆ ಪರಿಚಯ ಮಾಡಿಕೊಳ್ಳಿ. ಆಮೇಲೆ ಉಳಿದವು ಯಾರ ಮನೆಯವು ಅಂತ ದನಿಯಲ್ಲೇ ಗುರುತು ಹತ್ತುತ್ತದೆ.

ಒಡಕು ದನಿ ಮತ್ತು ಜವಾರಿ

ಆ ಒಡಕು ದನಿ ಎಲ್ಲಿಂದ ಬರುತ್ತದೆ? ಹಳೆಯ ಆಂಪ್‌ಗಳ ಒಳಗೆ ವಾಲ್ವ್ ಇರುತ್ತದೆ. ಅಜ್ಜನ ಮನೆಯ ವಾಲ್ವ್ ರೇಡಿಯೋ ನೆನಪಿದೆಯಾ? ಹಾಕಿದ ಮೇಲೆ ಬಿಸಿಯಾಗಿ ಮಾತಾಡಲು ಸ್ವಲ್ಪ ಹೊತ್ತು ಬೇಕು, ಹಿಂದಿನಿಂದ ಇಣುಕಿದರೆ ಒಳಗೆ ಕೆಂಪಗೆ ಹೊಳೆಯುವ ಗಾಜಿನ ಬುರುಡೆಗಳು. ಅವೇ ವಾಲ್ವ್‌ಗಳು. ಅವುಗಳ ಶಕ್ತಿ ಮೀರಿ ದುಡಿಸಿದರೆ ದನಿಯ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಉಪಸ್ವರಗಳು ಎದ್ದು ಬರುತ್ತವೆ. ಎಂಜಿನಿಯರಿನ ಲೆಕ್ಕದಲ್ಲಿ ಇದು ದೋಷ. ಗಿಟಾರಿನವರ ಕಿವಿಗೆ ಇದೇ ರುಚಿ.

ಇದು ನಮಗೆ ಹೊಸದಲ್ಲ. ತಂಬೂರಿಯನ್ನು ನೆನೆಸಿಕೊಳ್ಳಿ. ಅದರ ಕುದುರೆ, ಅಂದರೆ ತಂತಿ ಕೂರುವ ಮಣೆ, ಚಪ್ಪಟೆಯಾಗಿ ತುಸು ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ. ತಂತಿ ಕುದುರೆಯ ಮೈಯನ್ನು ಸವರಿಕೊಂಡು ಕಂಪಿಸುವಾಗ ಆ ಝೇಂಕಾರ ಹುಟ್ಟುತ್ತದೆ. ಹಿಂದೂಸ್ತಾನಿಯವರು ಅದನ್ನು ಜವಾರಿ ಅನ್ನುತ್ತಾರೆ. ಸರ್ ಸಿ.ವಿ. ರಾಮನ್ 1921ರಲ್ಲಿ ಇದರ ಬಗ್ಗೆಯೇ ಬರೆದರು. ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಕೇಳಿಸಲೇಬಾರದ ಉಪಸ್ವರಗಳು ತಂಬೂರಿ ಮತ್ತು ವೀಣೆಯಲ್ಲಿ ಕೇಳಿಸುತ್ತವೆ, ಅದಕ್ಕೆ ಕಾರಣ ಆ ಬಾಗಿದ ಕುದುರೆ ಅಂತ ತೋರಿಸಿದರು. ಆಗ ಅವರು ಕಲ್ಕತ್ತದಲ್ಲಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲೇ ಉಳಿದರು.

ಉತ್ತರ ಕರ್ನಾಟಕದವರಿಗೆ ಜವಾರಿ ಅಂದರೆ ಇನ್ನೊಂದು ಅರ್ಥವೂ ಇದೆ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಅಂದರೆ ನಾಟಿ, ನಮ್ಮ ನೆಲದ್ದು. ಈ ಎರಡನೇ ಅರ್ಥವನ್ನು ಜೇಬಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಲ್ವ್ ಕೂಡ ಬರೀ ಫಾರಿನ್ ಸಾಮಾನಾಗಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್, 1954ರಲ್ಲಿ ಶುರುವಾಯಿತು. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಆರಂಭವಾಯಿತು. ಅಲ್ಲಿ ತಯಾರಾದವುಗಳಲ್ಲಿ ಇಎಲ್84 ಎಂಬ ಪುಟ್ಟ ವಾಲ್ವ್ ಕೂಡ ಒಂದು. ವಾಕ್ಸ್ ಎಸಿ30ರ ಒಳಗೆ ಕೆಲಸ ಮಾಡುವುದು ಇದೇ ಜಾತಿಯ ನಾಲ್ಕು ವಾಲ್ವ್‌ಗಳು. ಇವತ್ತು ಡಬ್ಬಿಯ ಚಿಪ್ಪು ಯಾವ ಬಿಸಿ ಗಾಜಿನ ವರ್ತನೆಯನ್ನು ಲೆಕ್ಕ ಹಾಕಿ ನಕಲು ಮಾಡುತ್ತಿದೆಯೋ, ಆ ಗಾಜನ್ನು ಜಾಲಹಳ್ಳಿಯ ಕಾರ್ಮಿಕರು ಕೈಯಾರೆ ಮುಟ್ಟಿದ್ದರು.

ಬೆಂಗಳೂರಿನ ಡಬ್ಬಿ, 1979

ಗಿಟಾರಿನ ಡಬ್ಬಿಗಿಂತ ಮೊದಲೇ ನಮ್ಮಲ್ಲಿ ಇನ್ನೊಂದು ಡಬ್ಬಿ ಬಂದಿತ್ತು. ಅದೂ ಬೆಂಗಳೂರಿನಿಂದಲೇ.

ಹಾಡುವವರಿಗೆ ಶ್ರುತಿ ಬೇಕು. ತಂಬೂರಿ ಹಿಡಿದು ಕೂರಲು ಇನ್ನೊಬ್ಬರು ಬೇಕು, ಇಲ್ಲವಾದರೆ ಗಾಳಿ ತುಂಬುವ ಶ್ರುತಿಪೆಟ್ಟಿಗೆ ಬೇಕು. ತಂಬೂರಿಯನ್ನು ಬಸ್ಸಿನಲ್ಲಿ ಹೊತ್ತೊಯ್ದವರಿಗೆ ಗೊತ್ತು ಆ ಕಷ್ಟ. ಜಿ. ರಾಜ್ ನಾರಾಯಣ್ ಎಂಜಿನಿಯರು, ಜೊತೆಗೆ ಕೊಳಲು ವಾದಕರು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದರು. ಅವರ ರಾಡೆಲ್ ಸಂಸ್ಥೆಯ ಡಬ್ಬಿಗಳು ಇವತ್ತು ಕನ್ನಡಿಗರು ಇರುವ ಯಾವ ದೇಶಕ್ಕೆ ಹೋದರೂ ಕಾಣಿಸುತ್ತವೆ. ನಿಮ್ಮ ಮಗಳು ಶನಿವಾರ ಸಂಗೀತದ ಪಾಠಕ್ಕೆ ಹೋಗುತ್ತಿದ್ದರೆ ಟೀಚರ್ ಪಕ್ಕದಲ್ಲಿ ಇಂಥದ್ದೊಂದು ಹಾಡುತ್ತಾ ಕೂತಿರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಡಬ್ಬಿ ಮಾಡಿದವರೇ ಅದರ ಮೊದಲ ಗಿರಾಕಿ. ಏನು ಬೇಕು, ಏನು ಬೇಡ ಎಂಬುದು ಕೊಳಲು ನುಡಿಸುವ ಕಿವಿಗೆ ಗೊತ್ತಿತ್ತು. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ನೀವು ಏನನ್ನು ಆರಿಸಬಹುದು ನೋಡಿ: ಶ್ರುತಿ ಬಿಳಿ ನಾಲ್ಕೋ ಕಪ್ಪು ಎರಡೋ, ಮೊದಲ ತಂತಿ ಪಂಚಮವೋ ಮಧ್ಯಮವೋ ನಿಷಾದವೋ, ಮೀಟುವ ವೇಗ ಎಷ್ಟು. ಪಟ್ಟಿ ಚಿಕ್ಕದು. ಆದರೆ ಪ್ರತಿಯೊಂದು ಗುಂಡಿಯೂ ಹಾಡುವವರಿಗೆ ನಿಜವಾಗಿ ಬೇಕಾದದ್ದು. ಮಿರಜ್‌ನಲ್ಲಿ ಕೈಯಿಂದ ಮಾಡಿದ ತಂಬೂರಿಯ ಜವಾರಿಗೆ ಇದು ಸಮ ಅಂತ ಯಾರೂ ಹೇಳುವುದಿಲ್ಲ. ಆದರೆ ದುಬೈ ಫ್ಲಾಟಿನಲ್ಲಿ ಬೆಳಗ್ಗೆ ಐದೂವರೆಗೆ ಸಾಧನೆ ಮಾಡುವವರಿಗೆ ಸಂಗಾತಿ ಇದೇ.

ಹದಿನಾರು ಹೆಸರಿನ ಗುಂಡಿ

ಗಿಟಾರಿನ ಡಬ್ಬಿ ಬಂದದ್ದು ಇದಾದ ಹದಿನಾರು ವರ್ಷಗಳ ಮೇಲೆ. 1995ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ವಿಜಿ-8 ತಂದಿತು. ಗಿಟಾರ್, ಆಂಪ್, ಮೈಕ್ ಎಲ್ಲವನ್ನೂ ಲೆಕ್ಕದಲ್ಲಿ ಅನುಕರಿಸುವ ಯಂತ್ರ ಅದು. 1996ರಲ್ಲಿ ಅಮೆರಿಕದ ಲೈನ್ 6 ಎಂಬ ಹೊಸ ಕಂಪನಿ ಡಿಜಿಟಲ್ ಮಾಡೆಲಿಂಗ್ ಇರುವ ಆಂಪ್ ತಂದಿತು. 1998ರಲ್ಲಿ ಅದೇ ಕಂಪನಿ ಹುರುಳಿಕಾಳಿನ ಆಕಾರದ ಕೆಂಪು ಡಬ್ಬಿಯೊಂದನ್ನು ತಂದಿತು. ಅದರ ಹೆಸರು ಪಾಡ್. ನಮ್ಮ ಪಾಡ್‌ಕಾಸ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಪಾಡ್‌ಕಾಸ್ಟ್ ಎಂಬ ಪದವೇ ಆಗ ಹುಟ್ಟಿರಲಿಲ್ಲ!

ಆ ಪಾಡ್‌ನ ಗುಂಡಿಯ ಸುತ್ತ 16 ಹೆಸರು. ಗುಂಡಿ ತಿರುಗಿಸಿದರೆ ಆಂಪ್ ಬದಲಾಯಿತು. ಹದಿನಾರು ಆಂಪ್ ಕೊಳ್ಳುವ ದುಡ್ಡು ಯಾರ ಬಳಿ ಇತ್ತು? ಈಗ ಮೇಜಿನ ಮೇಲೆ ಹದಿನಾರೂ ಇದ್ದವು. ಮಲಗುವ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡುವವರಿಗೆ ಹಬ್ಬ.

ಆದರೆ ಆ ಹೆಸರುಗಳನ್ನು ಓದಿ. ಸ್ಮಾಲ್ ಟ್ವೀಡ್. ಬ್ಲ್ಯಾಕ್ ಪ್ಯಾನಲ್. ಬ್ರಿಟ್ ಕ್ಲಾಸ್ ಎ. ಬ್ರಿಟ್ ಬ್ಲೂಸ್. ರೆಕ್ಟಿಫೈಡ್. ಫೆಂಡರ್, ವಾಕ್ಸ್, ಮಾರ್ಷಲ್, ಮೆಸಾ ಎಂಬ ಹೆಸರು ಎಲ್ಲೂ ಇಲ್ಲ. ಅವು ಬೇರೆ ಕಂಪನಿಗಳ ಟ್ರೇಡ್‌ಮಾರ್ಕ್, ಗುಂಡಿಯ ಮೇಲೆ ಬರೆಯುವ ಹಾಗಿಲ್ಲ. ಹಾಗಾಗಿ ಒಗಟಿನ ಹೆಸರು. ಟ್ವೀಡ್ ಅಂದರೆ ಹಳೆಯ ಫೆಂಡರಿಗೆ ಹೊದಿಸಿದ್ದ ಬಟ್ಟೆ. ಬ್ರಿಟ್ ಅಂದರೆ ಬ್ರಿಟಿಷ್, ಕ್ಲಾಸ್ ಎ ಇದ್ದರೆ ವಾಕ್ಸ್, ಬ್ಲೂಸ್ ಇದ್ದರೆ ಮಾರ್ಷಲ್. ಗೊತ್ತಿರುವವರಿಗೆ ಇದು ಕಣ್ಸನ್ನೆ. ಹೊಸಬರಿಗೆ ಮುಚ್ಚಿದ ಬಾಗಿಲು. ಇವತ್ತಿಗೂ ಎಷ್ಟೋ ಡಬ್ಬಿಗಳಲ್ಲಿ ಇದೇ ಪದ್ಧತಿ. ನಿಮ್ಮ ಮಗ ಪರದೆಯ ಮೇಲಿನ ವಿಚಿತ್ರ ಹೆಸರು ನೋಡಿ "ಅಪ್ಪಾ, ಇದೇನು?" ಅಂದರೆ ಹೇಳಿ: ಅದು ಯಾರದೋ ಹೆಸರಿನ ವೇಷ.

ಆ ಹದಿನಾರನ್ನು ಆರಿಸಿದವರು ಕಂಪನಿಯವರು. ತಮ್ಮ ಮೆಚ್ಚಿನ ಹಳೆಯ ಆಂಪ್‌ಗಳನ್ನು ತಂದು, ಅಳೆದು, ಅವುಗಳಂತೆ ಮಾಡೆಲ್ ಬರೆದರು. ಅವರ ಕಿವಿ ಚೆನ್ನಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆಯ್ಕೆ ಅವರದು. ನಮಗೆ ಉಳಿದದ್ದು ಗುಂಡಿ ತಿರುಗಿಸುವುದು.

ಗಿರಾಕಿ ಬಾಯಿ ಬಿಟ್ಟಾಗ

2000ದ ದಶಕದಲ್ಲಿ ಇದು ಸ್ವಲ್ಪ ಸಡಿಲವಾಯಿತು. ಅದೇ ಕಂಪನಿ ಪಾಡ್ ಎಕ್ಸ್‌ಟಿ ಎಂಬ ಮುಂದಿನ ಡಬ್ಬಿಗೆ ಮಾಡೆಲ್‌ಗಳ ಕಟ್ಟುಗಳನ್ನು ಬೇರೆಯಾಗಿ ಮಾರಿತು. ಜೋರು ಸಂಗೀತದವರಿಗೆ ಮೆಟಲ್ ಶಾಪ್, ಹಳೆಯ ಅಪರೂಪದ ಆಂಪ್‌ಗಳ ಆಸೆ ಇದ್ದವರಿಗೆ ಕಲೆಕ್ಟರ್ ಕ್ಲಾಸಿಕ್ಸ್. ಊಟದ ಜೊತೆ ಬೇಕಾದರೆ ಎಕ್ಸ್‌ಟ್ರಾ ಹಪ್ಪಳ ಕೊಂಡ ಹಾಗೆ. ಮುಂದಿನ ದಶಕದಲ್ಲಿ ಇಟಲಿಯ ಐಕೆ ಮಲ್ಟಿಮೀಡಿಯಾ ತನ್ನ ಆಂಪ್ಲಿಟ್ಯೂಬ್ ಸಾಫ್ಟ್‌ವೇರಿನಲ್ಲಿ ಒಂದೊಂದೇ ಆಂಪನ್ನು ಬಿಡಿಯಾಗಿ ಕೊಳ್ಳುವ ಅಂಗಡಿ ತೆರೆಯಿತು. ಬೇಡದ ನೂರಕ್ಕೆ ದುಡ್ಡು ಕೊಡಬೇಕಿಲ್ಲ, ಬೇಕಾದ ಮೂರಕ್ಕೆ ಕೊಟ್ಟರೆ ಸಾಕು.

2015ರಲ್ಲಿ ಲೈನ್ 6ನವರದೇ ಹೀಲಿಕ್ಸ್ ಬಂತು. ಅಲ್ಲಿ ದಾರಿ ಇನ್ನೊಂದು. ಮುಂದೆ ಏನು ಬೇಕು ಅಂತ ಬಳಕೆದಾರರೇ ಬರೆಯುವುದು, ಉಳಿದವರು ಅದಕ್ಕೆ ಮತ ಹಾಕುವುದು, ಕಂಪನಿ ಆಗಾಗ ಹೊಸ ಮಾಡೆಲ್‌ಗಳನ್ನು ಪುಕ್ಕಟೆ ಅಪ್‌ಡೇಟಿನಲ್ಲಿ ಸೇರಿಸುವುದು. ಪ್ರಜಾಪ್ರಭುತ್ವ ಬಂದ ಹಾಗೆ ಆಯಿತು ಅಲ್ವಾ?

ಒಂದು ನಿಮಿಷ ನಿಲ್ಲಿ. ನಮ್ಮ ರಾಸ್ ಅಲ್ ಖೋರ್‌ನ ಹಳೆಯ ಕಾರುಗಳ ಮಾರುಕಟ್ಟೆಗೆ ಹೋಗಿ ನೋಡಿ. ಸಾಲು ಸಾಲು ಅಂಗಡಿ, ಸಾವಿರ ಕಾರು. ಕೊಳ್ಳುವವರು ಏನು ಕೇಳುತ್ತಾರೆ? ಎರಡು ವರ್ಷ ಬಿಟ್ಟು ಮಾರಿದರೆ ಬೆಲೆ ಬರುತ್ತದಾ, ಸ್ಪೇರ್ ಸಿಗುತ್ತದಾ, ಎಲ್ಲರೂ ಯಾವುದನ್ನು ಓಡಿಸುತ್ತಾರೆ. ಹಾಗೆ ಕೇಳುವುದು ತಪ್ಪಲ್ಲ, ಬುದ್ಧಿವಂತಿಕೆಯೇ. ಆದರೆ ಎಲ್ಲರೂ ಹಾಗೇ ಕೇಳಿದರೆ ಕೊನೆಗೆ ಸಾಲಿನಲ್ಲಿ ಬಿಳಿ ಬಣ್ಣದ ಅದೇ ನಾಲ್ಕು ಗಾಡಿ ಉಳಿಯುತ್ತವೆ.

ಮಾಡೆಲ್‌ಗಳ ಮತದಾನವೂ ಇದೇ ಹಾದಿ ಹಿಡಿಯುತ್ತದೆ. ಜನ ಕೇಳುವುದು ತಾವು ರೆಕಾರ್ಡಿನಲ್ಲಿ ಕೇಳಿದ ಆಂಪನ್ನು. ರೆಕಾರ್ಡಿನಲ್ಲಿ ಇದ್ದದ್ದು ಲಂಡನ್ನಿನ, ಕ್ಯಾಲಿಫೋರ್ನಿಯಾದ ಆಂಪ್‌ಗಳು. ಮತ ಬೀಳುವುದು ಮಾರ್ಷಲ್ಲಿನ ಐದನೇ ಬಗೆಗೆ, ಮೆಸಾದ ಏಳನೇ ಬಗೆಗೆ. ಯಾರೂ ಹೆಸರಿಡದ ದನಿಗೆ ಯಾರೂ ಮತ ಹಾಕುವುದಿಲ್ಲ. ಯಾರೂ ಅದನ್ನು ತಡೆದಿಲ್ಲ, ಯಾರ ಪಿತೂರಿಯೂ ಇಲ್ಲ. ನೆನಪಿನಲ್ಲಿ ಇರುವುದನ್ನು ಮಾತ್ರ ನಾವು ಕೇಳುತ್ತೇವೆ, ಅಷ್ಟೆ.

ಪಟ್ಟಿ ನಿಮ್ಮ ಕೈಗೆ ಬಂತು

ನಿಜವಾದ ತಿರುವು ಬಂದದ್ದು 2011ರಲ್ಲಿ. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ಪ್ರೊಫೈಲರ್ ಎಂಬ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಅದರ ಮೂಲಕ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಹುದಾಯಿತು.

ಹೇಗೆ ಅಂತ ಸಾರಿನ ಉದಾಹರಣೆಯಲ್ಲಿ ಹೇಳ್ತೀನಿ. ಪಕ್ಕದ ಮನೆಯ ಸಾರು ನಿಮಗೆ ಬೇಕು. ಒಂದು ದಾರಿ: ಅವರ ಅಡುಗೆಮನೆಗೆ ಹೋಗಿ ಎಷ್ಟು ಬೇಳೆ, ಎಷ್ಟು ಹುಣಸೆ, ಯಾವ ಪುಡಿ, ಎಷ್ಟು ಹೊತ್ತು ಕುದಿ ಎಂಬುದನ್ನೆಲ್ಲ ಬರೆದುಕೊಂಡು ಬಂದು ಹಾಗೆಯೇ ಮಾಡುವುದು. ಹಳೆಯ ಮಾಡೆಲಿಂಗ್ ಇದು. ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲವನ್ನೂ ಒಂದೊಂದಾಗಿ ಲೆಕ್ಕಕ್ಕೆ ಇಳಿಸುವುದು. ಇನ್ನೊಂದು ದಾರಿ: ಸಾರಿನ ರುಚಿ ನೋಡುವುದು, ನಿಮ್ಮ ಮನೆಯಲ್ಲಿ ಕುದಿಸುವುದು, ಮತ್ತೆ ರುಚಿ ನೋಡುವುದು, ಉಪ್ಪು ಹುಳಿ ತಿದ್ದುವುದು, ಎರಡೂ ಒಂದೇ ಅನ್ನಿಸುವವರೆಗೆ. ಒಳಗೆ ಏನಿದೆ ಅಂತ ಗೊತ್ತಾಗಬೇಕಿಲ್ಲ. ಪ್ರೊಫೈಲರ್ ಮಾಡುವುದು ಎರಡನೆಯದನ್ನು. ನಿಮ್ಮ ಆಂಪಿನೊಳಕ್ಕೆ ಪರೀಕ್ಷೆಯ ಸದ್ದುಗಳನ್ನು ಕಳಿಸುತ್ತದೆ, ಸ್ಪೀಕರಿನ ಮುಂದಿಟ್ಟ ಮೈಕಿನಿಂದ ಹೊರಬಂದದ್ದನ್ನು ಕೇಳುತ್ತದೆ, ಎರಡನ್ನೂ ಹೋಲಿಸಿ ಕಲಿಯುತ್ತದೆ.

ಆಮೇಲೆ ಇದೇ ಕೆಲಸಕ್ಕೆ ಕಂಪ್ಯೂಟರಿನ ನ್ಯೂರಲ್ ನೆಟ್‌ವರ್ಕ್‌ಗಳು ಬಂದವು. ಸ್ಟೀವನ್ ಆಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಪೂರ್ತಿ ಉಚಿತ, ಅದರ ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಒಂದು ಲ್ಯಾಪ್‌ಟಾಪ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಜೊತೆಗೆ ಸರಿಯಾದ ಜೋಡಣೆ ಇದ್ದರೆ ನಿಮ್ಮ ಮುಂದಿರುವ ಆಂಪನ್ನು ನೀವೇ ಹಿಡಿದಿಡಬಹುದು.

ಇದಕ್ಕೆ ಮಿತಿಗಳಿವೆ, ಮುಚ್ಚಿಡುವುದಿಲ್ಲ. ಹೀಗೆ ಹಿಡಿದಿಟ್ಟದ್ದು ಸಾಮಾನ್ಯವಾಗಿ ಒಂದು ಫೋಟೋ ಇದ್ದಂತೆ. ಆ ಕ್ಷಣದಲ್ಲಿ ಗುಂಡಿಗಳು ಎಲ್ಲಿದ್ದವೋ ಅಲ್ಲಿಯ ದನಿ ನಿಖರವಾಗಿ ಸಿಗುತ್ತದೆ. ಗುಂಡಿ ತಿರುಗಿಸಿದಾಗ ಮೂಲ ಆಂಪ್ ಹೇಗೆ ಬದಲಾಗುತ್ತಿತ್ತು ಎಂಬುದು ಅದರಲ್ಲಿ ಪೂರ್ತಿ ಇರುವುದಿಲ್ಲ. ಆ ಗುಣ ಬೇಕಾದರೆ ಸರ್ಕ್ಯೂಟನ್ನು ಲೆಕ್ಕ ಹಾಕುವ ಹಳೆಯ ದಾರಿಯೇ ಮೇಲು. ಮೈಕನ್ನು ಎಲ್ಲಿಟ್ಟಿರಿ, ಕೋಣೆ ಹೇಗಿತ್ತು ಎಂಬುದೂ ಫೋಟೋದೊಳಗೆ ಸೇರಿಬಿಡುತ್ತದೆ. ಆದರೂ ಹಿಡಿಯದೇ ಬಿಟ್ಟ ದನಿಗಿಂತ ಒಂದು ಫೋಟೋ ವಾಸಿ.

ಪಟ್ಟಿಯಲ್ಲಿ ಇಲ್ಲದ್ದು

ಈಗ ಜೇಬಿನಲ್ಲಿಟ್ಟುಕೊಂಡ ಮಾತನ್ನು ತೆಗೆಯಿರಿ. ನಮ್ಮ ಜವಾರಿ ದನಿ ಯಾವುದು?

ನೀವು ಊರಲ್ಲಿ ಬೆಳೆದವರಾದರೆ, ಅಥವಾ ಅಪ್ಪ ಅಮ್ಮ ಹೇಳಿದ್ದನ್ನು ಕೇಳಿ ಬೆಳೆದವರಾದರೆ, ರಸಮಂಜರಿ ಕಾರ್ಯಕ್ರಮ ಗೊತ್ತಿರಬೇಕು. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಬೀದಿಯಲ್ಲಿ ಶಾಮಿಯಾನ ಹಾಕಿ ಸಿನಿಮಾ ಹಾಡುಗಳ ಆರ್ಕೆಸ್ಟ್ರಾ. ಕೀಬೋರ್ಡ್, ರಿದಂ ಪ್ಯಾಡ್, ಮೂಲೆಯಲ್ಲಿ ಒಬ್ಬ ಗಿಟಾರಿಸ್ಟ್. ಅವರಲ್ಲಿ ಎಷ್ಟೋ ಮಂದಿಗೆ ಗಿಟಾರಿಗೆ ಅಂತಲೇ ಮಾಡಿದ ಆಂಪ್ ಇರುತ್ತಿರಲಿಲ್ಲ. ತಂತಿ ನೇರವಾಗಿ ಮಿಕ್ಸರಿಗೆ, ಅಲ್ಲಿಂದ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ, ಅಲ್ಲಿಂದ ಕಂಬಕ್ಕೆ ಕಟ್ಟಿದ ಹಾರ್ನಿಗೆ. ಮೈಕ್ ಸೆಟ್ ಅಂದರೆ ಬಹಳ ಊರುಗಳಲ್ಲಿ ಅಹುಜಾ. 1940ರಲ್ಲಿ ಶುರುವಾದ ದೆಹಲಿಯ ಕಂಪನಿ ಅದು. ಯಕ್ಷಗಾನದ ಟೆಂಟಿನಿಂದ ಹಿಡಿದು ಚುನಾವಣೆಯ ಜೀಪಿನವರೆಗೆ ಅದರ ಸದ್ದು ಕೇಳದ ಊರು ಕಡಿಮೆ. ಮೈಕಾಸುರ ಅಂತ ನಾವೇ ಬೈದಿದ್ದೇವೆ.

ಹಾರ್ನಿನಿಂದ ಹೊರಬರುವ ಗಿಟಾರ್ ಹೇಗಿರುತ್ತದೆ? ಕೆಳಗಿನ ಸ್ವರಗಳು ಮಾಯ, ನಡುವಿನ ಸ್ವರಗಳು ಮೂಗಿನಲ್ಲಿ ಹಾಡಿದ ಹಾಗೆ, ಜೋರಾದರೆ ಕರಕರ. ದೂರದ ಗದ್ದೆ ದಾಟಿ ಬರುವಾಗ ಗಾಳಿಗೆ ಏರಿಳಿತ. ಎಂಜಿನಿಯರನ್ನು ಕೇಳಿದರೆ ತಲೆತುಂಬ ದೋಷ ಹೇಳುತ್ತಾರೆ. ಆದರೆ ಫೆಂಡರ್ ಬೇಸ್‌ಮನ್ ಒಡೆದದ್ದೂ ದೋಷವೇ, ತಂಬೂರಿಯ ಕುದುರೆಯ ಮೇಲೆ ತಂತಿ ಉಜ್ಜುವುದೂ ಒಂದು ಲೆಕ್ಕದಲ್ಲಿ ದೋಷವೇ. ಯಾವ ದೋಷ ರುಚಿ ಎಂಬುದನ್ನು ತೀರ್ಮಾನಿಸುವುದು ಅದನ್ನು ಕೇಳಿ ಬೆಳೆದ ಕಿವಿ. ಸಂಜೆ ಹೊತ್ತು ಮೂರು ಬೀದಿ ಆಚೆಯಿಂದ ಕನ್ನಡ ಹಾಡಿನ ಗಿಟಾರ್ ತುಣುಕು ಹಾರ್ನಿನಲ್ಲಿ ತೇಲಿ ಬಂದದ್ದು ನಿಮ್ಮ ಎದೆಯಲ್ಲಿ ಏನನ್ನಾದರೂ ಕದಲಿಸುತ್ತದೆ ಅಂದರೆ, ನಿಮ್ಮ ಮಟ್ಟಿಗೆ ಅದೂ ಒಂದು ಕ್ಲಾಸಿಕ್ ಆಂಪ್.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಪಟ್ಟಿಯಲ್ಲಿ ಆ ದನಿ ಹುಡುಕಿದರೆ ಸಿಗುವುದಿಲ್ಲ. ಕಂಪನಿಯವರನ್ನು ದೂರಿ ಪ್ರಯೋಜನವಿಲ್ಲ. ಅವರು ಆ ಬೀದಿಯಲ್ಲಿ ಬೆಳೆದವರಲ್ಲ, ಬೆಳೆದ ನಾವು ಕೇಳಿಲ್ಲ. ಈ ಮಧ್ಯೆ ಊರಿನ ಸೌಂಡ್ ಸಿಸ್ಟಮ್‌ನವರೂ ಹೊಸ ಲೈನ್ ಅರೇ ಸ್ಪೀಕರ್ ಕೊಂಡಿದ್ದಾರೆ. ಹಳೆಯ ಆಂಪ್ಲಿಫೈಯರುಗಳು ಅಟ್ಟ ಸೇರಿವೆ, ಕೆಲವು ಗುಜರಿಗೆ ಹೋಗಿವೆ. ಜಾಲಹಳ್ಳಿಯ ವಾಲ್ವ್‌ಗಳು ಹೇಗೆ ನಿಧಾನಕ್ಕೆ ಮನೆಗಳಿಂದ ಮಾಯವಾದವೋ ಇವೂ ಹಾಗೇ ಆಗುತ್ತವೆ.

ಇಲ್ಲಿ ಹುಟ್ಟಿ ಬೆಳೆದ ಓದುಗರಿಗೆ ವಿಶೇಷವಾಗಿ ಒಂದು ಮಾತು. ನಿಮಗೆ ಡಬ್ಬಿ ಬಳಸಲು ಬರುತ್ತದೆ, ನಿಮ್ಮ ಅಪ್ಪನಿಗೋ ಸೋದರಮಾವನಿಗೋ ಆ ದನಿ ನೆನಪಿದೆ. ಇಬ್ಬರೂ ಸೇರಿದರೆ ಮಾತ್ರ ಈ ಕೆಲಸ ಆಗುವುದು. ಮುಂದಿನ ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನ ಜೊತೆ ಒಂದು ಚಿಕ್ಕ ಇಂಟರ್‌ಫೇಸ್ ಇಟ್ಟುಕೊಳ್ಳಿ. ಮೈಕ್ ಸೆಟ್ಟಿನವರ ಮನೆಗೆ ಮಾವನ ಜೊತೆ ಹೋಗಿ, ಚಹಾ ಕುಡಿಯಿರಿ, ಹಳೆಯ ಆಂಪ್ಲಿಫೈಯರ್ ಇದೆಯಾ ಅಂತ ಕೇಳಿ. ಮಾವನೇ ಕನ್ನಡದಲ್ಲಿ ಮಾತು ಶುರುಮಾಡಲಿ, ಗುಂಡಿಗಳ ಕೆಲಸ ನೀವು ನೋಡಿಕೊಳ್ಳಿ. ವಿದ್ಯುತ್ ಭಾಗವನ್ನು ಮಾತ್ರ ಅವರಿಗೇ ಬಿಡಿ: ಸ್ಪೀಕರಿಗೆ ಹೋಗುವ ತಂತಿಯನ್ನು ಎಂದಿಗೂ ನೇರವಾಗಿ ಇಂಟರ್‌ಫೇಸಿಗೆ ಸಿಕ್ಕಿಸಬೇಡಿ, ಅದು ಸುಟ್ಟುಹೋಗುತ್ತದೆ. ಹಾರ್ನಿನ ಮುಂದೆ ಮೈಕ್ ಇಟ್ಟು ಹಿಡಿಯಿರಿ. ಬೆಳಗಿನ ಹೊತ್ತು ಮಾಡಿ, ಅಕ್ಕಪಕ್ಕದವರಿಗೆ ಮೊದಲೇ ಹೇಳಿರಿ.

ಹಿಡಿದಿಟ್ಟ ಮೇಲೆ ಅದಕ್ಕೆ ಒಂದು ಹೆಸರು ಬೇಕಾಗುತ್ತದೆ. ಅಲ್ಲಿ ಒಗಟಿನ ಹೆಸರು ಬೇಡ, ಬ್ರಿಟ್ ಟ್ವೀಡ್ ಏನೂ ಬೇಡ. ಊರಿನ ಹೆಸರು ಹಾಕಿ, ಬೀದಿಯ ಹೆಸರು ಹಾಕಿ, ವರ್ಷ ಹಾಕಿ. ನಾಳೆ ರಾಸ್ ಅಲ್ ಖೋರ್‌ನ ಯಾವುದೋ ಫ್ಲಾಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಹುಡುಗಿ ಗುಂಡಿ ತಿರುಗಿಸುತ್ತಾ ಹೋಗುವಾಗ, ಲಂಡನ್ ಮತ್ತು ಕ್ಯಾಲಿಫೋರ್ನಿಯಾ ಮುಗಿದ ಮೇಲೆ, ಪರದೆಯ ಮೇಲೆ ಶಿರಸಿ ಅಂತಲೋ ಗದಗ ಅಂತಲೋ ಬರಲಿ. ಅದನ್ನು ಆರಿಸುವುದು ಬಿಡುವುದು ಅವಳಿಗೆ ಸೇರಿದ್ದು. ಪಟ್ಟಿಯಲ್ಲಿ ಇರುವಂತೆ ನೋಡಿಕೊಳ್ಳುವುದು ನಮಗೆ ಸೇರಿದ್ದು.